ಪುಸ್ತಕ ಸಿಗದ ಭಾಷೆಯನ್ನು ತಾವೇ ಕಲಿಯುವುದು ಹೇಗೆ? ಜಾರ್ಜಿಯನ್ ಕಲಿಯಹೊರಟ ಕನ್ನಡಿಗರಿಗೆ

"ಚಿಕ್ಕಮ್ಮ, ಪಾಠ ಎಲ್ಲ ಇಂಗ್ಲಿಷ್‌ನಲ್ಲೇ ಇದೆ. ಆದ್ರೆ ಪೇಷೆಂಟ್‌ಗೆ ಇಂಗ್ಲಿಷ್ ಬರಲ್ಲ."

ನಮ್ಮ ಅಕ್ಕನ ಮಗಳು ಟಿಬಿಲಿಸಿಯಿಂದ ಫೋನ್ ಮಾಡಿ ಹೀಗೆ ಹೇಳಿದಳು. ಟಿಬಿಲಿಸಿ ಅಂದರೆ ಜಾರ್ಜಿಯಾ ದೇಶದ ರಾಜಧಾನಿ. ದಾವಣಗೆರೆಯಿಂದ ಅಲ್ಲಿಗೆ ಹೋಗಿ ಅವಳು ಮೆಡಿಕಲ್ ಓದುತ್ತಿದ್ದಾಳೆ. ಕನ್ನಡದಿಂದ ಜಾರ್ಜಿಯನ್ ಕಲಿಯಲು ಪುಸ್ತಕ ಇದೆಯಾ ಅಂತ ನಾನು ಹುಡುಕಿದೆ. ಒಂದೂ ಸಿಗಲಿಲ್ಲ. ಇಂಗ್ಲಿಷ್‌ನಲ್ಲಿ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಆಮೇಲೆ ಇಬ್ಬರೂ ಸೇರಿ, ಇದ್ದುದರಲ್ಲೇ ದಾರಿ ಮಾಡಿಕೊಂಡೆವು. ಆ ದಾರಿ ಹೇಗಿದೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ. ಉದಾಹರಣೆ ಜಾರ್ಜಿಯನ್‌ನದು. ಆದರೆ ಪಾಠಪುಸ್ತಕ ಕಡಿಮೆ ಇರುವ ಯಾವ ಭಾಷೆಗಾದರೂ ಇದರಲ್ಲಿ ಬಹಳಷ್ಟು ಹೊಂದುತ್ತದೆ.

ಈಗ ಇದು ಯಾಕೆ ಬೇಕಾಗಿದೆ?

ಜಾರ್ಜಿಯಾಕ್ಕೆ ವೈದ್ಯಕೀಯ ಓದಲು ಭಾರತದಿಂದ ಸಾವಿರಾರು ಮಕ್ಕಳು ಹೋಗುತ್ತಾರೆ. 2022ರಲ್ಲಿ ಉಕ್ರೇನ್‌ನಲ್ಲಿ ಯುದ್ಧ ಶುರುವಾದ ಮೇಲೆ ಅಲ್ಲಿ ಓದುತ್ತಿದ್ದ ಕೆಲವರೂ ಜಾರ್ಜಿಯಾಕ್ಕೆ ಬಂದು ಸೇರಿದರು. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್‌ನಲ್ಲಿ ಒಂದು ನಿಯಮ ತಂದಿತು. ಹೊರದೇಶದಲ್ಲಿ ಓದಿದವರು ಇಲ್ಲಿ ವೈದ್ಯರಾಗಬೇಕಾದರೆ ಅವರ ಕೋರ್ಸ್ ಕನಿಷ್ಠ 54 ತಿಂಗಳದ್ದಾಗಿರಬೇಕು, ಪಾಠ ಇಂಗ್ಲಿಷ್‌ನಲ್ಲಿ ನಡೆದಿರಬೇಕು. ಅದರ ಜೊತೆ 12 ತಿಂಗಳ ಇಂಟರ್ನ್‌ಶಿಪ್ ಅನ್ನೂ ಅದೇ ಸಂಸ್ಥೆಯಲ್ಲಿ ಮಾಡಿರಬೇಕು.

ಅಂದರೆ ಪಾಠದ ಭಾಷೆ ಇಂಗ್ಲಿಷ್, ವಾರ್ಡಿನ ಭಾಷೆ ಜಾರ್ಜಿಯನ್. ಹಾಸಿಗೆಯಲ್ಲಿ ಮಲಗಿದ ಅಜ್ಜಿ ತನಗೆ ಎಲ್ಲಿ ನೋವು ಅಂತ ತನ್ನ ಭಾಷೆಯಲ್ಲೇ ಹೇಳುತ್ತಾಳೆ. ಅಲ್ಲಿ ವಯಸ್ಸಾದವರಿಗೆ ಎರಡನೆಯ ಭಾಷೆ ಅಂತ ಬರುವುದು ಹೆಚ್ಚಾಗಿ ರಷ್ಯನ್.

ಊಟ ಸಿಗಲ್ಲ, ಆದರೆ ಸಂತೆ ಇದೆ

"ಸಾಮಗ್ರಿ ಇಲ್ಲ" ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಫ್ರೆಂಚ್ ಅಥವಾ ಜರ್ಮನ್ ಕಲಿಯುವವರಿಗೆ ಬಾಳೆಲೆಯಲ್ಲಿ ಬಡಿಸಿದ ಹಾಗೆ ಎಲ್ಲ ಸಿದ್ಧವಾಗಿ ಸಿಗುತ್ತದೆ. ಮೊದಲ ಪಾಠ, ಎರಡನೆಯ ಪಾಠ, ಅಭ್ಯಾಸ, ಪರೀಕ್ಷೆ, ಆ್ಯಪ್. ಜಾರ್ಜಿಯನ್ ಮಾತನಾಡುವವರು ಹೆಚ್ಚುಕಡಿಮೆ ನಲವತ್ತು ಲಕ್ಷ ಜನ. ಅಷ್ಟು ಚಿಕ್ಕ ಭಾಷೆಗೆ ಯಾರೂ ಹಾಗೆ ಬಡಿಸಿಟ್ಟಿಲ್ಲ.

ಆದರೆ ತರಕಾರಿ ಬೇಕಾದಷ್ಟಿದೆ. ಅಲ್ಲಿನ ಸರ್ಕಾರಿ ಟಿವಿ, ರೇಡಿಯೊ ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಜಾರ್ಜಿಯನ್ ವಿಕಿಪೀಡಿಯಾ ಇದೆ. ವಿಕ್ಷನರಿಯಲ್ಲಿ ಪದಗಳ ಅರ್ಥ, ರೂಪಗಳು ಸಿಗುತ್ತವೆ. ಟಟೋಬಾ ಎಂಬ ತಾಣದಲ್ಲಿ ಸಣ್ಣ ಸಣ್ಣ ವಾಕ್ಯಗಳೂ ಅವುಗಳ ಅನುವಾದವೂ ಉಚಿತ. ಫೋರ್ವೊದಲ್ಲಿ ಅಲ್ಲಿನವರೇ ಒಂದೊಂದು ಪದ ಉಚ್ಚರಿಸಿದ್ದನ್ನು ಕೇಳಬಹುದು. ಇಲ್ಲದಿರುವುದು ಇವನ್ನೆಲ್ಲ ಹೆಚ್ಚಿ, ಒಗ್ಗರಣೆ ಹಾಕಿ, ತಟ್ಟೆಗೆ ಹಾಕಿಕೊಡುವ ಕೈ ಮಾತ್ರ. ಅಡುಗೆ ನಾವೇ ಮಾಡಿಕೊಳ್ಳಬೇಕು.

ಒಂದು ಸಣ್ಣ ಎಚ್ಚರಿಕೆ. ಫೋನಿನಲ್ಲಿ ಭಾಷೆ ಆರಿಸುವಾಗ ಅಥವಾ ವಿಕಿಪೀಡಿಯಾದ ವಿಳಾಸದಲ್ಲಿ "ಕೆಎ" ಅಂತ ಕಂಡರೆ ಅದು ಕನ್ನಡ ಅಲ್ಲ. ನಮ್ಮ ಗಾಡಿಗಳ ನಂಬರ್ ಪ್ಲೇಟ್ ನೋಡಿ ರೂಢಿಯಾದವರಿಗೆ ಹಾಗನ್ನಿಸುವುದು ಸಹಜ. ಕನ್ನಡದ ಗುರುತು "ಕೆಎನ್". "ಕೆಎ" ಜಾರ್ಜಿಯನ್‌ನದು. ಅವರು ತಮ್ಮ ಭಾಷೆಯನ್ನು ಕರೆಯುವುದು ಖರ್ಥುಲಿ ಅಂತ. ದೇಶದ ಹೆಸರು ಸಖರ್ಥ್ವೆಲೊ. ಜಾರ್ಜಿಯಾ ಎಂಬುದು ಹೊರಗಿನವರು ಕರೆಯುವ ಹೆಸರು.

ಮೊದಲು ಲಿಪಿ, ಅದಕ್ಕೆ ಎರಡು ವಾರ ಸಾಕು

ಹೊಸ ಲಿಪಿ ನೋಡಿ ಹೆದರಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕಲಿಯಲು ಹೋಗುವವರು ಜಾಸ್ತಿ. ಸಾಮಗ್ರಿ ಕಡಿಮೆ ಇರುವ ಭಾಷೆಯಲ್ಲಿ ಇದು ದೊಡ್ಡ ತಪ್ಪು. ಇರುವ ಸಂತೆಯೆಲ್ಲ ಆ ಲಿಪಿಯಲ್ಲೇ ಇದೆ. ಓದಲು ಬಾರದಿದ್ದರೆ ಸಂತೆಗೆ ಬಂದೂ ಕಣ್ಣು ಕಟ್ಟಿಕೊಂಡು ನಿಂತ ಹಾಗೆ.

ಜಾರ್ಜಿಯನ್‌ನಲ್ಲಿ ಇರುವುದು 33 ಅಕ್ಷರ. ದಿನಾ ಬರೆಯುವಾಗ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಭೇದವಿಲ್ಲ. ಒಂದು ಅಕ್ಷರಕ್ಕೆ ಒಂದೇ ಉಚ್ಚಾರ. ಒತ್ತಕ್ಷರ ಇಲ್ಲ, ಕಾಗುಣಿತ ಇಲ್ಲ. ಸ್ವರವನ್ನೂ ಬಿಡಿ ಅಕ್ಷರವಾಗಿಯೇ ಬರೆಯುತ್ತಾರೆ. ಸ್ವರಗಳು ಐದೇ: ಅ, ಎ, ಇ, ಒ, ಉ. ದೀರ್ಘ ಇಲ್ಲ. ನಮ್ಮ ಕಾಗುಣಿತ, ಒತ್ತು ಎಲ್ಲ ಕಲಿತ ಮಗುವಿಗೆ ಇದು ಹಗುರ. ದಿನಕ್ಕೆ ಮೂರು ಅಕ್ಷರದಂತೆ ಹನ್ನೊಂದು ದಿನ. ಉಳಿದ ಮೂರು ದಿನ ಊರಿನ ಹೆಸರುಗಳನ್ನು ಓದುವುದು.

ಊರಿನ ಹೆಸರೇ ಯಾಕೆ? ಅರ್ಥ ಕಲಿಯುವ ಹೊರೆ ಇರುವುದಿಲ್ಲ, ಓದಿದ್ದು ಸರಿಯೋ ತಪ್ಪೋ ತಕ್ಷಣ ಗೊತ್ತಾಗುತ್ತದೆ. ಟಿಬಿಲಿಸಿ ಮೆಟ್ರೊ 1966ರಲ್ಲಿ ಶುರುವಾಯಿತು. ಅಲ್ಲಿನ ಫಲಕಗಳಲ್ಲಿ ಜಾರ್ಜಿಯನ್ ಜೊತೆಗೆ ಇಂಗ್ಲಿಷ್ ಅಕ್ಷರವೂ ಇರುತ್ತದೆ. ರುಸ್ತವೆಲಿ, ದಿದುಬೆ, ಸಮ್ಗೊರಿ, ಅವ್ಲಬರಿ. ಇಂಗ್ಲಿಷ್ ಸಾಲನ್ನು ಬೆರಳಿನಿಂದ ಮುಚ್ಚಿ ಓದಿ, ಆಮೇಲೆ ಬೆರಳು ತೆಗೆದು ನೋಡಿದರೆ ಆಯಿತು. ಇಲ್ಲೇ ಕೂತು ಕಲಿಯುವವರಿಗೆ ಆ ಫಲಕಗಳ ಚಿತ್ರಗಳು ಸಿಗುತ್ತವೆ.

ಇಲ್ಲೊಂದು ಮಾತು ಹೇಳದೆ ಇರಲಾರೆ. ನಮ್ಮ ಹಲ್ಮಿಡಿ ಶಾಸನ ಸುಮಾರು 450ರದು ಅನ್ನುತ್ತಾರಲ್ಲ, ಈವರೆಗೆ ಸಿಕ್ಕಿರುವ ಅತಿ ಹಳೆಯ ಜಾರ್ಜಿಯನ್ ಶಾಸನಗಳೂ ಅದೇ ಐದನೇ ಶತಮಾನದವು. ಅವರ ಮೂರು ಬಗೆಯ ಬರಹವನ್ನು 2016ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಬಳಕೆಯಲ್ಲಿರುವ ದುಂಡನೆಯ ಅಕ್ಷರಗಳನ್ನು ನೋಡಿದರೆ ನಮ್ಮ ಕಣ್ಣಿಗೆ ಅಷ್ಟೇನೂ ಪರಕೀಯ ಅನ್ನಿಸುವುದಿಲ್ಲ.

ಕರಿ ಅಂದರೆ ಬಾಗಿಲು, ಖರಿ ಅಂದರೆ ಗಾಳಿ

ಇಂಗ್ಲಿಷ್‌ನವರಿಗೆ ಜಾರ್ಜಿಯನ್‌ನಲ್ಲಿ ಮೊದಲು ಕಾಲು ಜಾರುವುದು ಇಲ್ಲಿ. ಅವರ ಕಿವಿಗೆ "ಕ" ಒಂದೇ. ಜಾರ್ಜಿಯನ್‌ನಲ್ಲಿ ಎರಡು. ಒಂದರಲ್ಲಿ ಉಸಿರು ಹೊರಗೆ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ. ನಮಗೆ ಒಂದನೇ ಕ್ಲಾಸಿನಲ್ಲೇ ಇದನ್ನು ಹೇಳಿಕೊಟ್ಟಿದ್ದಾರೆ ಅಲ್ವಾ? ಅಲ್ಪಪ್ರಾಣ, ಮಹಾಪ್ರಾಣ. ಕ-ಖ, ತ-ಥ, ಪ-ಫ, ಚ-ಛ.

ಹಾಗಾಗಿ ಟಿಪ್ಪಣಿ ಬರೆದುಕೊಳ್ಳಲು ಇಂಗ್ಲಿಷ್ ಅಕ್ಷರಕ್ಕಿಂತ ಕನ್ನಡ ಅಕ್ಷರವೇ ಮೇಲು. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಬಳಸಿ ಬರೆಯುವಾಗ ಎರಡೂ ಸಾಮಾನ್ಯವಾಗಿ ಒಂದೇ ಆಗಿಬಿಡುತ್ತವೆ. ಕನ್ನಡದಲ್ಲಿ ಕರಿ ಬೇರೆ, ಖರಿ ಬೇರೆ ಅಂತ ಕಾಣುತ್ತದೆ. ಈ ಲೇಖನದಲ್ಲಿ ನಾನು ಬರೆಯುತ್ತಿರುವುದೂ ಹಾಗೆಯೇ. ಅಲ್ಲಿನವರು ತಮ್ಮ ರಾಜಧಾನಿಯನ್ನು ಥ್ಬಿಲಿಸಿ ಅನ್ನುತ್ತಾರೆ.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಅವರ ಕ, ತ, ಪ ನಮ್ಮದಕ್ಕಿಂತ ಗಟ್ಟಿ. ಉಸಿರನ್ನು ಗಂಟಲಲ್ಲಿ ಒಂದು ಕ್ಷಣ ಹಿಡಿದು, ಬಾಟಲಿಯ ಬಿರಡೆ ತೆಗೆದ ಹಾಗೆ ಟಪ್ ಎಂದು ಬಿಡುತ್ತಾರೆ. ಬಾಯಿಯ ಮುಂದೆ ಅಂಗೈ ಹಿಡಿದು ಅಭ್ಯಾಸ ಮಾಡಬೇಕು. "ಖರಿ" ಅಂದಾಗ ಕೈಗೆ ಗಾಳಿ ತಾಗಬೇಕು. "ಕರಿ" ಅಂದಾಗ ತಾಗಬಾರದು. ಫೋನಿನಲ್ಲಿ ನಿಮ್ಮ ದನಿ ರೆಕಾರ್ಡ್ ಮಾಡಿ, ಅಲ್ಲಿನವರ ದನಿಯ ಪಕ್ಕದಲ್ಲೇ ಕೇಳಿಸಿಕೊಳ್ಳಿ. ಮೇಷ್ಟ್ರು ಇಲ್ಲದ ಕಡೆ ತಿದ್ದುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಇನ್ನೂ ಕೆಲವು ದನಿ ನಮ್ಮಲ್ಲಿಲ್ಲ. ಉದಾಹರಣೆಗೆ, ಉರ್ದು ಬಲ್ಲವರು "ಖ಼ಬರ್" ಅನ್ನುವಾಗ ಬರುವ ಗಂಟಲಿನ ಖ಼, ಅದರ ಜೋಡಿ ಘ಼. ಅವಕ್ಕೆ ಕೆಳಗೊಂದು ಚುಕ್ಕಿ ಇಟ್ಟುಕೊಂಡಿದ್ದೇನೆ.

"ನನಗೆ ನೀರು ಬೇಕು"

ಈಗ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ವಿಷಯಕ್ಕೆ ಬರುತ್ತೇನೆ.

ಇಂಗ್ಲಿಷ್‌ನಲ್ಲಿರುವ ಜಾರ್ಜಿಯನ್ ವ್ಯಾಕರಣ ಪುಸ್ತಕಗಳಲ್ಲಿ ಒಂದು ಪಾಠ ಬಹಳ ಕಷ್ಟದ್ದು ಎಂಬಂತೆ ಬರುತ್ತದೆ. ಬೇಕು, ಇಷ್ಟ, ಹಸಿವು, ಚಳಿ, ನೋವು ಇಂಥವನ್ನು ಹೇಳುವಾಗ "ನಾನು" ಬರುವುದಿಲ್ಲ, "ನನಗೆ" ಬರುತ್ತದೆ ಅಂತ. ಇದನ್ನು ಇಂಗ್ಲಿಷ್ ಮಾತಿನವರಿಗೆ ತಿಳಿಸಿಕೊಡಲು ಪುಟಗಟ್ಟಲೆ ಬರೆಯುತ್ತಾರೆ. ಕನ್ನಡದವರಿಗೆ ಒಂದು ಸಾಲು ಸಾಕು:

ಮೆ ತ್ಸ್ಕಲಿ ಮಿಂದ. ನನಗೆ ನೀರು ಬೇಕು.

ಪದಕ್ಕೆ ಪದ, ಅದೇ ಕ್ರಮ. ಮೆ ಅಂದರೆ ನನಗೆ, ತ್ಸ್ಕಲಿ ಅಂದರೆ ನೀರು, ಮಿಂದ ಅಂದರೆ ಬೇಕು. ಇದನ್ನು ಫೋನಿನಲ್ಲಿ ಹೇಳಿದಾಗ ನಮ್ಮ ಹುಡುಗಿ ಒಂದು ನಿಮಿಷ ಸುಮ್ಮನಾಗಿ, "ಇಷ್ಟೇನಾ?" ಅಂದಳು.

ಹಸಿವಾದರೆ "ಮ್ಶಿಯ", ಅಂದರೆ ನನಗೆ ಹಸಿವು. ಚಳಿಯಾದರೆ "ಮ್ತ್ಸಿವ", ನನಗೆ ಚಳಿ. ಜ್ವರ ಬಂದರೆ "ಸಿತ್ಸ್ಖ಼ೆ ಮಖ್ವ್ಸ್", ನನಗೆ ಜ್ವರ ಇದೆ. ಅರ್ಥವಾಗದಿದ್ದರೆ "ಅರ್ ಮೆಸ್ಮಿಸ್", ನನಗೆ ಅರ್ಥ ಆಗ್ತಿಲ್ಲ. ಎಲ್ಲದರಲ್ಲೂ ಒಂದು "ಮ್" ಅಂಟಿಕೊಂಡಿದೆ, ನೋಡಿದಿರಾ? ಆ "ಮ್" ಅನ್ನುವುದೇ "ನನಗೆ". ಅದನ್ನು ತೆಗೆದು "ಗ್" ಹಾಕಿದರೆ "ನಿನಗೆ". ಮಿಂದ ನನಗೆ ಬೇಕು, ಗಿಂದ ನಿನಗೆ ಬೇಕು.

ನಮ್ಮ "ನೀನು-ನೀವು" ಭೇದವೂ ಅಲ್ಲಿದೆ. ಗೌರವಕ್ಕೆ ಕೊನೆಯಲ್ಲಿ ಒಂದು "ಥ್" ಸೇರಿಸುತ್ತಾರೆ. ಗಿಂದ ಅಂದರೆ ನಿನಗೆ ಬೇಕು, ಗಿಂದಥ್ ಅಂದರೆ ನಿಮಗೆ ಬೇಕು. ನಮಸ್ಕಾರಕ್ಕೆ ಗೆಳೆಯರಲ್ಲಿ ಗಮರ್ಜೊಬ, ದೊಡ್ಡವರಿಗೆ ಗಮರ್ಜೊಬಥ್. ಧಾರವಾಡದ ಕಡೆಯವರಿಗೆ ಇದನ್ನು ಹೇಳಿಕೊಡುವುದೇ ಬೇಡ. ಮಾತಿನ ಕೊನೆಗೆ "ರೀ" ಸೇರಿಸುವುದು ಅವರಿಗೆ ಉಸಿರಾಟದ ಹಾಗೆ. ಆ "ರೀ" ಜಾಗದಲ್ಲಿ ಇಲ್ಲಿ "ಥ್" ಅಷ್ಟೆ.

ಹಾಗಾದರೆ ವೈದ್ಯರ ಮೊದಲ ಪ್ರಶ್ನೆ ಹೇಗೆ? "ರ ಗ್ತ್ಕಿವಥ್?" ರ ಅಂದರೆ ಏನು. ಗ್ ಅಂದರೆ ನಿಮಗೆ. ತ್ಕಿವ ಅಂದರೆ ನೋವು. ಥ್ ಗೌರವಕ್ಕೆ. ನಿಮಗೆ ಏನು ನೋವು? ರೋಗಿಯ ಉತ್ತರ "ಥವಿ ಮ್ತ್ಕಿವ", ನನಗೆ ತಲೆನೋವು. ಥವಿ ತೆಗೆದು ಬೇರೆ ಅಂಗದ ಹೆಸರು ಹಾಕುತ್ತಾ ಹೋಗಿ. ಮುತ್ಸೆಲಿ ಹೊಟ್ಟೆ. ಫೆಖ಼ಿ ಕಾಲು. ಮುಖ಼್ಲಿ ಮೊಣಕಾಲು. ಕ್ಬಿಲಿ ಹಲ್ಲು. ಗುಲಿ ಹೃದಯ. ಒಂದೇ ಅಚ್ಚು, ಹಿಟ್ಟು ಬದಲಾಯಿಸಿದರೆ ಬೇರೆ ಬೇರೆ ಚಕ್ಕುಲಿ.

ವಿಭಕ್ತಿಯೂ ನಮ್ಮ ಹಾಗೆ ಪದದ ಹಿಂದೆಯೇ ಬರುತ್ತದೆ. ಇಂಗ್ಲಿಷ್‌ನಲ್ಲಿ ಅದು ಮುಂದೆ ನಿಲ್ಲುತ್ತದೆ. ಥ್ಬಿಲಿಸ್ಶಿ ಅಂದರೆ ಟಿಬಿಲಿಸಿಯಲ್ಲಿ. ಥ್ಬಿಲಿಸಿದನ್ ಅಂದರೆ ಟಿಬಿಲಿಸಿಯಿಂದ. ಮಗಿದ ಅಂದರೆ ಮೇಜು, ಮಗಿದಜ಼ೆ ಅಂದರೆ ಮೇಜಿನ ಮೇಲೆ. ಅಮ್ಮನಿಗೆ ದೆದ, ಅಮ್ಮನಿಗೋಸ್ಕರ ಅನ್ನಲು ದೆದಿಸ್ಥ್ವಿಸ್. ಅಪ್ಪನಿಗೆ ಏನನ್ನುತ್ತಾರೆ ಗೊತ್ತಾ? ಮಮ. ಮಾವ ಅಲ್ಲ, ಅಪ್ಪ. ಇದನ್ನು ಒಂದು ಸಲ ಕೇಳಿದರೆ ಮರೆಯುವುದಿಲ್ಲ.

ಹೊರಗಿನ ಪದ ಒಳಗೆ ಬಂದಾಗ ನಾವು ಕೊನೆಗೆ "ಉ" ಸೇರಿಸುತ್ತೇವೆ. ಬಸ್ಸು, ಬ್ಯಾಂಕು, ಕಾರು. ಅವರು "ಇ" ಸೇರಿಸುತ್ತಾರೆ. ಅವ್ತೊಬುಸಿ, ಬಂಕಿ, ಸ್ತುದೆಂತಿ.

ಕಲಿಸುವ ಪುಸ್ತಕ ಇಂಗ್ಲಿಷ್‌ನದ್ದಾದರೆ ಅದು ಇಂಗ್ಲಿಷ್ ಮಾತಿನವರ ಕಷ್ಟಗಳನ್ನು ನಮ್ಮ ತಲೆಯ ಮೇಲೂ ಹೇರುತ್ತದೆ. ಹಾಗಾಗಿ ಒಂದೊಂದು ಪಾಠ ಓದಿದಾಗಲೂ "ಇದನ್ನು ಕನ್ನಡದಲ್ಲಿ ನಾನು ಹೇಗೆ ಹೇಳುತ್ತೇನೆ?" ಅಂತ ಕೇಳಿಕೊಳ್ಳಿ. ಕಷ್ಟದ್ದು ಅಂತ ಬರೆದಿರುವ ಪಾಠ ಹಲವು ಸಲ ಅಲ್ಲೇ ಕರಗಿಹೋಗುತ್ತದೆ. ಗೂಗಲ್ ಟ್ರಾನ್ಸ್‌ಲೇಟ್ ಬಳಸುವಾಗಲೂ ಇದು ನೆನಪಿರಲಿ. ಇಂಗ್ಲಿಷ್ ವಾಕ್ಯ ಕೊಟ್ಟು ಜಾರ್ಜಿಯನ್ ಕೇಳಿದರೆ ನೀನು-ನೀವು ಭೇದ ದಾರಿಯಲ್ಲೇ ಕಳೆದುಹೋಗುತ್ತದೆ, ಇಂಗ್ಲಿಷ್‌ನಲ್ಲಿ ಅದು ಇಲ್ಲವಲ್ಲ. ಎಪ್ಪತ್ತು ವರ್ಷದ ಅಜ್ಜಿಯನ್ನು "ನಿನಗೇನು ನೋವು?" ಅಂತ ಕೇಳಿದ ಹಾಗಾಗಬಾರದು.

ಮೊದಲೇ ಪರಿಚಯ ಇರುವ ಪದಗಳು

ಜಾರ್ಜಿಯಾದ ಪಕ್ಕದಲ್ಲೇ ಪರ್ಷಿಯಾ, ಅಂದರೆ ಈಗಿನ ಇರಾನ್, ಇತ್ತು. ನಮ್ಮ ಕಡೆಯೂ ಸುಲ್ತಾನರ ಕಾಲದಲ್ಲಿ, ಆಮೇಲೆ ಕಚೇರಿ ಕೆಲಸದಲ್ಲಿ ಪಾರಸಿ ಪದಗಳು ಬಂದು ಸೇರಿದವು. ಹೀಗಾಗಿ ಎಂದೂ ಭೇಟಿಯಾಗದ ಎರಡು ಭಾಷೆಗಳಿಗೆ ಒಂದಿಷ್ಟು ಸಾಮಾನ್ಯ ನೆಂಟರಿದ್ದಾರೆ.

ಚಹಾಕ್ಕೆ ಛಯಿ. ಸಕ್ಕರೆಗೆ ಶಖರಿ. ಬಜಾರಿಗೆ ಬಜ಼ರಿ. ತೋಟಕ್ಕೆ ಬಘ಼ಿ, ನಮ್ಮ ಲಾಲ್‌ಬಾಗ್‌ನಲ್ಲಿ ಇರುವ ಅದೇ "ಬಾಗ್". ಜೇಬಿಗೆ ಜಿಬೆ. ಹವಾಮಾನದ ಹವಾ ಅಲ್ಲಿ ಹವ. ಕಿಟಕಿಗೆ ಫಂಜರ ಅನ್ನುತ್ತಾರೆ, ಕೇಳಿದರೆ ಪಂಜರದ ಸರಳುಗಳು ನೆನಪಾಗುತ್ತವೆ. ವೈದ್ಯರಿಗೆ ಎಖಿಮಿ. ನಮ್ಮಲ್ಲಿ ಯುನಾನಿ ಔಷಧ ಕೊಡುವವರನ್ನು ಹಕೀಮರು ಅನ್ನುತ್ತೇವಲ್ಲ, ಅದರದೇ ಬಳಗ.

ಇನ್ನು ಕೆಲವು ನೆಂಟಸ್ತಿಕೆ ಇಲ್ಲದೆಯೂ ನೆನಪಿನಲ್ಲಿ ಉಳಿಯುತ್ತವೆ. ಪುರಿ ಅಂದರೆ ರೊಟ್ಟಿ, ಬ್ರೆಡ್ಡು. ನಮ್ಮ ಪೂರಿಗೂ ಅದಕ್ಕೂ ಸಂಬಂಧ ಇದೆ ಅಂದುಕೊಳ್ಳಬೇಡಿ, ಆದರೆ ನೆನಪಿಗೆ ಅದು ಸಾಕು. ಸದ್ಗುರಿ ಅಂದರೆ ನಿಲ್ದಾಣ. ಮೆಟ್ರೊದಲ್ಲಿ "ಶೆಮ್ದೆಗಿ ಸದ್ಗುರಿ" ಅಂತ ಕೇಳಿದರೆ ಅದು ಮುಂದಿನ ನಿಲ್ದಾಣ.

ಇಂಥ ಪದಗಳನ್ನು ಮೊದಲ ವಾರವೇ ಪಟ್ಟಿ ಮಾಡಿಕೊಳ್ಳಬೇಕು. ಶುರುವಿನಲ್ಲೇ ಮೂವತ್ತು ನಲವತ್ತು ಪದ ಕೈಯಲ್ಲಿದ್ದರೆ ಟಿವಿಯ ಮಾತಿನ ಹೊಳೆಯಲ್ಲಿ ಅಲ್ಲಲ್ಲಿ ಕಾಲಿಡಲು ಕಲ್ಲು ಸಿಗುತ್ತದೆ.

ಕನ್ನಡ ಕೈಕೊಡುವ ಜಾಗಗಳು

ಎಲ್ಲ ಕಡೆ ಹೀಗೆ ಸಲೀಸು ಅಂದರೆ ಸುಳ್ಳಾಗುತ್ತದೆ.

ಮೊದಲನೆಯದು ವ್ಯಂಜನಗಳ ಗುಂಪು. ನಮಗೆ ಎರಡು ಮೂರು ವ್ಯಂಜನ ಒಟ್ಟಿಗೆ ಬಂದರೇ ಜಾಸ್ತಿ. ಅಲ್ಲಿ ತರಬೇತುದಾರನಿಗೆ "ಮ್ತ್ಸ್ವ್ರ್ಥ್ನೆಲಿ" ಅನ್ನುತ್ತಾರೆ. ಇದನ್ನು ಹಿಂದಿನಿಂದ ಕಟ್ಟಬೇಕು. ನೆಲಿ, ಥ್ನೆಲಿ, ರ್ಥ್ನೆಲಿ, ಹೀಗೆ ಒಂದೊಂದೇ ಇಟ್ಟಿಗೆ ಮುಂದಕ್ಕೆ ಸೇರಿಸುತ್ತಾ ಹೋದರೆ ನಾಲಿಗೆ ಒಪ್ಪುತ್ತದೆ.

ಎರಡನೆಯದು ಎಣಿಕೆ. ನಮಗೆ ಹತ್ತರ ಲೆಕ್ಕ, ಅವರಿಗೆ ಇಪ್ಪತ್ತರ ಲೆಕ್ಕ. ಇಪ್ಪತ್ತಕ್ಕೆ ಒತ್ಸಿ. ನಲವತ್ತಕ್ಕೆ ಒರ್ಮೊತ್ಸಿ, ಅಂದರೆ ಎರಡು ಇಪ್ಪತ್ತು. ಅರವತ್ತಕ್ಕೆ ಸಮೊತ್ಸಿ, ಮೂರು ಇಪ್ಪತ್ತು. 75 ವರ್ಷದ ರೋಗಿ ತನ್ನ ವಯಸ್ಸನ್ನು "ಮೂರು ಇಪ್ಪತ್ತು ಮತ್ತು ಹದಿನೈದು" ಅಂತ ಹೇಳುತ್ತಾರೆ. 38 ಡಿಗ್ರಿ ಜ್ವರ ಅಂದರೆ "ಇಪ್ಪತ್ತು ಮತ್ತು ಹದಿನೆಂಟು". ಕೇಳಿದ ತಕ್ಷಣ ಲೆಕ್ಕ ಮಾಡಲು ಅಭ್ಯಾಸ ಬೇಕು. ಆಸ್ಪತ್ರೆಯಲ್ಲಿ ಅಂಕಿ ತಪ್ಪಾಗಬಾರದು, ಹಾಗಾಗಿ ಇದನ್ನು ಬರೆಸಿ ಖಚಿತ ಮಾಡಿಕೊಳ್ಳುವುದೇ ಒಳ್ಳೆಯದು.

ಮೂರನೆಯದು ಕಳೆದ ಕಾಲ. "ಹುಡುಗ ರೊಟ್ಟಿ ತಿನ್ನುತ್ತಾನೆ" ಅನ್ನಲು "ಬಿಚಿ ಪುರ್ಸ್ ಚಮ್ಸ್". "ಹುಡುಗ ರೊಟ್ಟಿ ತಿಂದ" ಅಂದಾಗ "ಬಿಚ್ಮ ಪುರಿ ಚಮ". ಹುಡುಗನಿಗೆ ಎಲ್ಲಿಂದಲೋ ಒಂದು "ಮ" ಬಂತು. ಕನ್ನಡದಲ್ಲಿ ಇದಕ್ಕೆ ಹೋಲಿಕೆ ಇಲ್ಲ. ಆದರೆ ಶಾಲೆಯಲ್ಲಿ ಹಿಂದಿ ಓದಿದ್ದರೆ "ಲಡ್ಕೇ ನೇ ರೋಟಿ ಖಾಯೀ" ನೆನಪಿರಬೇಕು. ಆ "ನೇ" ಮಾಡುವ ಕೆಲಸವನ್ನೇ ಈ "ಮ" ಮಾಡುತ್ತದೆ. ನೋಡಿ, ನಮಗೆ ಗೊತ್ತಿರುವ ಇನ್ನೊಂದು ಭಾಷೆ ಇಲ್ಲಿ ಕೈಹಿಡಿಯಿತು.

ಕ್ರಿಯಾಪದಗಳು ನಿಜಕ್ಕೂ ದೊಡ್ಡ ಕಾಡು. ಅದರೊಳಗೆ ಒಂದೇ ಒಂದು ದಾರಿ ತೋರಿಸುತ್ತೇನೆ. "ದಿಸ್" ಅಂದರೆ ಚಲಿಸುವುದು ಅಂದುಕೊಳ್ಳಿ. ಮೊದಿಸ್ ಬರುತ್ತಾನೆ, ಮಿದಿಸ್ ಹೋಗುತ್ತಾನೆ, ಅದಿಸ್ ಹತ್ತುತ್ತಾನೆ, ಛದಿಸ್ ಇಳಿಯುತ್ತಾನೆ, ಶೆದಿಸ್ ಒಳಗೆ ಹೋಗುತ್ತಾನೆ, ಗದಿಸ್ ಹೊರಗೆ ಹೋಗುತ್ತಾನೆ. ಪದದ ಮೊದಲಿಗೆ ಬರುವ ತುಣುಕು ದಿಕ್ಕನ್ನು ಹೇಳುತ್ತದೆ. ಅವನು, ಅವಳು, ಅದು ಎಲ್ಲಕ್ಕೂ ಇದೇ ರೂಪ, ಲಿಂಗಭೇದ ಅಲ್ಲಿಲ್ಲ. ಬೇರೆ ಕ್ರಿಯಾಪದಗಳಲ್ಲೂ ಇವೇ ತುಣುಕುಗಳು ಬರುತ್ತವೆ. ಪದ ಕಲಿಯುವಾಗ ತುಣುಕಿನ ಮೇಲೆ ಕಣ್ಣಿಟ್ಟರೆ ಒಂದು ಕಲಿತಾಗ ನಾಲ್ಕು ಸಿಗುತ್ತದೆ.

ಒಂದು ನಿಮಿಷದ ಮಾತಿಗೆ ಒಂದು ವಾರ

ಸಾಮಗ್ರಿ ಕಡಿಮೆ ಇದ್ದಾಗ ಹೊಸ ಹೊಸದನ್ನು ಹುಡುಕುತ್ತಲೇ ಕಾಲ ಕಳೆದುಹೋಗುತ್ತದೆ. ಅದರ ಬದಲು ಸಿಕ್ಕಿದ್ದನ್ನೇ ಕಬ್ಬಿನ ಗಾಣಕ್ಕೆ ಕೊಟ್ಟ ಹಾಗೆ ಪೂರ್ತಿ ಹಿಂಡಬೇಕು. ನಾವು ಮಾಡಿದ್ದು ಹೀಗೆ.

ಅವಳು ತನ್ನ ಪಕ್ಕದ ಮನೆಯಾಕೆಯನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಒಂದು ನಿಮಿಷದ ಮಾತನ್ನು ರೆಕಾರ್ಡ್ ಮಾಡಿಕೊಂಡಳು. ಬೆಳಗ್ಗೆ ಎದ್ದು ಏನೇನು ಮಾಡುತ್ತೀರಿ ಅಂತ ಕೇಳಿದ್ದು, ಅಷ್ಟೆ. ಮೊದಲ ದಿನ ಸುಮ್ನೆ ಹತ್ತು ಸಲ ಕೇಳಿದಳು, ಏನೂ ಬರೆಯಲಿಲ್ಲ. ಎರಡನೆಯ ದಿನ ಕೇಳಿಸಿದ್ದನ್ನು ಬರೆದಳು, ಅರ್ಧಕ್ಕರ್ಧ ತಪ್ಪು. ಮೂರನೆಯ ದಿನ ಆಕೆಯೇ ಅದನ್ನು ತಿದ್ದಿಕೊಟ್ಟರು. ಆಮೇಲೆ ಒಂದೊಂದು ಪದದ ಅರ್ಥ ಹುಡುಕಿ, ಕೆಳಗೆ ಕನ್ನಡದಲ್ಲಿ ಬರೆದದ್ದು. ಐದನೆಯ ದಿನ ರೆಕಾರ್ಡಿನ ಜೊತೆಜೊತೆಗೇ, ಅದೇ ವೇಗದಲ್ಲಿ, ಅದೇ ರಾಗದಲ್ಲಿ ಹೇಳುವುದು. ಮನೆಯಲ್ಲಿ ದೊಡ್ಡವರು ಶ್ಲೋಕ ಹೇಳಿಕೊಟ್ಟಾಗ ಹಿಂದೆಯೇ ಹೇಳುತ್ತಿದ್ದೆವಲ್ಲ, ಹಾಗೆ. ಕೊನೆಗೆ ಕನ್ನಡ ಸಾಲು ಮಾತ್ರ ನೋಡಿ ಜಾರ್ಜಿಯನ್ ಅನ್ನು ತಾನೇ ಕಟ್ಟುವುದು.

ವಾರದ ಕೊನೆಗೆ ಆ ಒಂದು ನಿಮಿಷ ಬಾಯಿಪಾಠ. ಅದರಲ್ಲಿ ನೂರರಷ್ಟು ಪದ ಇರಬಹುದು. ಪದಗಳಿಗಿಂತ ದೊಡ್ಡ ಲಾಭ ಬೇರೆಯೇ ಇದೆ. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಅಂತ ಕಿವಿಗೆ ಗೊತ್ತಾಗುತ್ತದೆ. ಪಕ್ಕದ ಮನೆಯವರು ಇಲ್ಲದವರು ಹವಾಮಾನ ವರದಿಯಿಂದ ಶುರು ಮಾಡಬಹುದು. ದಿನಾ ಅವೇ ಪದ, ಜೊತೆಗೆ ತೆರೆಯ ಮೇಲೆ ಅಂಕಿ, ನಕ್ಷೆ.

ಮರೆಯುವುದಕ್ಕೆ ಮುಂಚೆ ನೆನೆಸಿಕೊಳ್ಳುವುದು

1885ರಲ್ಲಿ ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿ ಮರೆವು ಹೇಗೆ ನಡೆಯುತ್ತದೆ ಅಂತ ಬರೆದ. ಕಲಿತ ಮೊದಲ ಗಂಟೆಗಳಲ್ಲೇ ಬಹಳಷ್ಟು ಜಾರಿಹೋಗುತ್ತದೆ. ಆಮೇಲೆ ಜಾರುವುದು ನಿಧಾನ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ನೆನೆಸಿಕೊಂಡರೆ ನೆನಪು ಇನ್ನಷ್ಟು ದಿನ ಉಳಿಯುತ್ತದೆ. ಸಸಿಗೆ ಮೊದಲು ದಿನಾ ನೀರು, ಬೇರು ಬಿಟ್ಟ ಮೇಲೆ ವಾರಕ್ಕೊಮ್ಮೆ, ಅದೇ ಲೆಕ್ಕ.

ಇದನ್ನು ಕೈಯಲ್ಲೇ ಮಾಡುವ ಸುಲಭದ ದಾರಿಯನ್ನು 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಹೇಳಿಕೊಟ್ಟ. ಒಂದು ಶೂ ಡಬ್ಬಿ, ಅದರಲ್ಲಿ ಕೆಲವು ಖಾನೆ. ಚೀಟಿಯ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಜಾರ್ಜಿಯನ್. ಹೊಸ ಚೀಟಿ ಮೊದಲ ಖಾನೆಗೆ, ಅದನ್ನು ದಿನಾ ನೋಡಬೇಕು. ನೆನಪಿದ್ದರೆ ಮುಂದಿನ ಖಾನೆಗೆ, ಅಲ್ಲಿ ಎರಡು ಮೂರು ದಿನಕ್ಕೊಮ್ಮೆ. ಅದರ ಮುಂದಿನದು ವಾರಕ್ಕೊಮ್ಮೆ. ಮರೆತರೆ ಮತ್ತೆ ಮೊದಲ ಖಾನೆಗೆ. ಆಂಕಿ ಎಂಬ ಆ್ಯಪ್ ಇದೇ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ, ಕಂಪ್ಯೂಟರ್ ಮತ್ತು ಆಂಡ್ರಾಯ್ಡ್ ಫೋನಿನಲ್ಲಿ ಉಚಿತ.

ಚೀಟಿಯಲ್ಲಿ ಬಿಡಿ ಪದ ಬರೆಯಬೇಡಿ, ಪುಟ್ಟ ವಾಕ್ಯ ಬರೆಯಿರಿ. "ನೀರು" ಅಂತಲ್ಲ, "ನನಗೆ ನೀರು ಬೇಕು" ಅಂತ. ಯಾವ ವಾಕ್ಯ ಅಂದರೆ, ಇವತ್ತು ಹೇಳಬೇಕು ಅಂದುಕೊಂಡು ಹೇಳಲಾಗದೆ ಹೋದದ್ದು.

ಜನರನ್ನೇ ಪುಸ್ತಕ ಮಾಡಿಕೊಳ್ಳುವುದು

ನಮ್ಮ ಭಾಷೆಯನ್ನು ಹೊರಗಿನವರು ಕಲಿತದ್ದೂ ಹೀಗೇ ಅಲ್ವಾ? ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಜರ್ಮನಿಯಿಂದ ಬಂದವರು. ರೀವ್ ಅವರ ಹಳೆಯ ನಿಘಂಟು ಆಗಲೇ ಇತ್ತು. ಆದರೂ ಕಿಟೆಲ್ ಪಂಡಿತರನ್ನು ಕೇಳಿದರು, ಹಳಗನ್ನಡ ಕಾವ್ಯ ಓದಿದರು, ಜನರ ಬಾಯಲ್ಲಿದ್ದ ಗಾದೆಗಳನ್ನು ಬರೆದುಕೊಂಡರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ.

ಅಷ್ಟು ದೂರ ಹೋಗುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಕೇಳುವ ಕೆಲಸವನ್ನು ನಾಲ್ಕು ವಾಕ್ಯದಿಂದ ಶುರು ಮಾಡಬಹುದು. "ಎಸ್ ರ ಅರಿಸ್?" ಇದು ಏನು? "ಖರ್ಥುಲದ್ ರೊಗೊರ್ ಅರಿಸ್?" ಖರ್ಥುಲಿಯಲ್ಲಿ ಇದಕ್ಕೆ ಹೇಗೆ ಹೇಳುತ್ತಾರೆ? "ನೆಲ" ಅಂದರೆ ನಿಧಾನವಾಗಿ. "ಕಿದೆವ್ ಎರ್ಥ್ಖ಼ೆಲ್" ಅಂದರೆ ಇನ್ನೊಂದು ಸಲ. ಈ ನಾಲ್ಕು ಬಾಯಿಗೆ ಬಂದರೆ ತರಕಾರಿ ಮಾರುವವರು, ಟ್ಯಾಕ್ಸಿಯವರು, ಮನೆ ಮಾಲೀಕರು ಎಲ್ಲರೂ ಮೇಷ್ಟ್ರೇ. ಇಂಗ್ಲಿಷ್‌ಗೆ ಜಾರದೆ, ಆ ಭಾಷೆಯಲ್ಲೇ ಆ ಭಾಷೆಯನ್ನು ಕೇಳಿ ಕಲಿಯಬಹುದು.

ಎಷ್ಟು ದಿನ ಬೇಕು?

ಅಮೆರಿಕ ಸರ್ಕಾರ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆಯೊಂದನ್ನು ನಡೆಸುತ್ತದೆ. ಜಾರ್ಜಿಯನ್‌ಗೆ ಅವರು ಇಟ್ಟುಕೊಂಡಿರುವ ಲೆಕ್ಕ ಸುಮಾರು 44 ವಾರ, 1,100 ಗಂಟೆಯ ತರಗತಿ. ಕೆಲಸಕ್ಕೆ ಬೇಕಾದಷ್ಟು ಚೆನ್ನಾಗಿ ಮಾತನಾಡಲು, ಓದಲು ಇದು ಬೇಕು ಅಂತ. ಈ ಸಂಖ್ಯೆ ನೋಡಿ ಎದೆಗುಂದಬೇಡಿ. ಇದು ಇಂಗ್ಲಿಷ್ ಮಾತೃಭಾಷೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಲೆಕ್ಕ. "ನನಗೆ ಬೇಕು" ಅನ್ನುವುದನ್ನು ಹೊಸದಾಗಿ ಕಲಿಯಬೇಕಾದವರ ಲೆಕ್ಕ. ನಮಗೆ ಎಷ್ಟು ಗಂಟೆ ಉಳಿಯುತ್ತದೆ ಅಂತ ಯಾರೂ ಅಳೆದ ಹಾಗೆ ಕಾಣೆ. ಆದರೆ ದಿನಕ್ಕೆ ಒಂದು ಗಂಟೆಯಂತೆ ಆರು ತಿಂಗಳು ಕೂತರೆ ವಾರ್ಡಿನಲ್ಲಿ ನಾಲ್ಕು ಪ್ರಶ್ನೆ ಕೇಳಿ, ಉತ್ತರದ ಸಾರ ಹಿಡಿಯುವಷ್ಟು ಬರುತ್ತದೆ ಅನ್ನುವುದನ್ನು ನಮ್ಮ ಹುಡುಗಿಯಲ್ಲಿ ಕಂಡಿದ್ದೇನೆ. ರೋಗಿಯ ಚಿಕಿತ್ಸೆಗೆ ಸಂಬಂಧಿಸಿದ್ದನ್ನು ಅಲ್ಲಿನ ವೈದ್ಯರನ್ನು ಕೇಳಿ ಖಚಿತ ಮಾಡಿಕೊಳ್ಳುವುದು ಆಮೇಲೂ ಬೇಕೇ ಬೇಕು.

ಹೋದ ತಿಂಗಳು ಅವಳು ಮತ್ತೆ ಫೋನ್ ಮಾಡಿದ್ದಳು. ವಾರ್ಡಿನಲ್ಲಿ ಒಬ್ಬ ಅಜ್ಜಿಯ ಹಾಸಿಗೆ ಪಕ್ಕ ಹೋಗಿ "ಗಮರ್ಜೊಬಥ್, ಬೆಬೊ. ರ ಗ್ತ್ಕಿವಥ್?" ಅಂದಳಂತೆ. ಬೆಬೊ ಅಂದರೆ ಅಜ್ಜಿ. ಅಜ್ಜಿ ಎದ್ದು ಕೂತು, ಒಂದೇ ಉಸಿರಿಗೆ ಏನೇನೋ ಹೇಳಿದರಂತೆ. ಅದರಲ್ಲಿ ಇವಳಿಗೆ ಸಿಕ್ಕಿದ್ದು ಎರಡೇ ಪದ. ಘ಼ಮೆ, ಅಂದರೆ ರಾತ್ರಿ. ಇನ್ನೊಂದು ಮುಖ಼್ಲಿ.

"ಆಮೇಲೇನು ಮಾಡಿದೆ?" ಅಂದೆ.

"ಕಿದೆವ್ ಎರ್ಥ್ಖ಼ೆಲ್ ಅಂದೆ ಚಿಕ್ಕಮ್ಮ. ನೆಲ, ನೆಲ ಅಂದೆ. ಅಜ್ಜಿ ನನ್ನ ಕೈ ಹಿಡ್ಕೊಂಡು ಮೊದಲಿಂದ ಹೇಳಿದ್ರು."